ಪದಚರ್ಚೆ: ‘ವಯಸ್ಕರ ನ್ಯಾಯಾಲಯಕ್ಕೆ ವರ್ಗಾವಣೆ’ ಅಂದರೆ ಸರಿಯಾ?

ರಾಯಚೂರಿನಿಂದ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್ ಇದೆ. ಪೊಲೀಸ್ ಕೇಸಿನಲ್ಲಿ ಸಿಕ್ಕಿಕೊಂಡ ಹುಡುಗರ ತಂದೆತಾಯಿಗೆ ಹಂಚಲು ಒಂದು ಕರಪತ್ರ ಅನುವಾದ ಮಾಡುತ್ತಿದ್ದೇನೆ. ನಾಳೆ ಮಧ್ಯಾಹ್ನ ಪ್ರೆಸ್ಸಿಗೆ ಹೋಗಬೇಕು. 16 ತುಂಬಿ 18 ತುಂಬದ ಹುಡುಗನ ಮೇಲೆ ಘೋರ ಅಪರಾಧದ ಆರೋಪ ಬಂದರೆ, ಬಾಲ ನ್ಯಾಯ ಮಂಡಳಿ ಅದನ್ನು ಬೇರೆ ಕೋರ್ಟಿಗೆ ಕಳಿಸಬಹುದಲ್ವಾ? ಅದಕ್ಕೆ ಪದ ಬೇಕು. ‘ಬಾಲಕನನ್ನು ವಯಸ್ಕರ ನ್ಯಾಯಾಲಯಕ್ಕೆ ವರ್ಗಾಯಿಸುವುದು’ ಎಂದು ಬರೆದಿದ್ದೇನೆ. ಓದಿದರೆ ಯಾಕೋ ಗಂಟಲಲ್ಲಿ ಇಳಿಯುತ್ತಿಲ್ಲ.

ಕೊಪ್ಪಳದಿಂದ:
ಇಳಿಯದೇ ಇರುವುದು ‘ವಯಸ್ಕ’ದಿಂದ. ಸಂಸ್ಕೃತದಲ್ಲಿ ಅದು ಸಮಾಸದ ಬಾಲಕ್ಕೆ ಬರುವ ಪದ: ಮಧ್ಯವಯಸ್ಕ, ಸಮವಯಸ್ಕ. ‘ಇಂಥ ವಯಸ್ಸಿನವನು’ ಎಂದಷ್ಟೇ ಅರ್ಥ. ಎಂಥ ವಯಸ್ಸು ಎಂದು ಹೇಳದಿದ್ದರೆ ಮೂರು ವರ್ಷದ ಕೂಸೂ ವಯಸ್ಕನೇ. ಬೆಳೆದವನಿಗೆ ಸರಿಯಾದ ಪದ ‘ವಯಸ್ಥ’. (ವಯಸ್ ಅಂದರೆ ಹಕ್ಕಿ ಎಂಬ ಅರ್ಥವೂ ಇದೆ. ಅದು ಇಲ್ಲಿ ಬೇಡ ಬಿಡಿ.)

ಗಂಗಾವತಿಯಿಂದ:
ವಯಸ್ಥ! ಮೇಷ್ಟ್ರೇ, ನಮ್ಮೂರ ಸಂತೆಯಲ್ಲಿ ನಿಂತು ಹೇಳಿ ನೋಡಿ, ಅಸ್ವಸ್ಥ ಅಂದುಕೊಂಡು ಆಸ್ಪತ್ರೆ ದಾರಿ ತೋರಿಸುತ್ತಾರೆ. ‘ವರ್ಗಾವಣೆ’ಯೂ ಬೇಡ, ಅದು ನಿಮ್ಮಂಥ ಮೇಷ್ಟ್ರುಗಳಿಗೆ ಆಗುವುದು. ಕನ್ನಡದ್ದೇ ಇದೆ: ‘ಹಿರಿಯರ ತೀರ್ಪುಮನೆಗೆ ಸಾಗಿಸುವುದು’.

ಬಳ್ಳಾರಿಯಿಂದ:
ಹಿರಿಯರ ತೀರ್ಪುಮನೆ ಅಂದರೆ ಕಟ್ಟೆ ಮೇಲೆ ಅಜ್ಜಂದಿರು ಎಲೆ ಅಡಿಕೆ ಹಾಕಿಕೊಂಡು ಕೂತ ಹಾಗಿದೆ. ಸಾಗಿಸುವುದು ಮರಳು.

ಕಾಯ್ದೆ ತೆರೆಯದೆ ಪದ ಕಟ್ಟುತ್ತಿದ್ದೀರಿ. 2015ರ ಬಾಲ ನ್ಯಾಯ ಕಾಯ್ದೆ. ಘೋರ ಅಪರಾಧ ಎಂದರೆ ಕನಿಷ್ಠ ಶಿಕ್ಷೆಯೇ 7 ವರ್ಷ ಅಥವಾ ಅದಕ್ಕಿಂತ ಜಾಸ್ತಿ ಇರುವಂಥದ್ದು. 15ನೇ ಕಲಂ ಪ್ರಕಾರ ಮಂಡಳಿ ಮೊದಲು ಅಂದಾಜು ಮಾಡುತ್ತದೆ: ಅಂಥ ಕೆಲಸ ಮಾಡಲು ಹುಡುಗನಿಗೆ ಮೈಯಲ್ಲಿ, ಮನಸ್ಸಿನಲ್ಲಿ ಶಕ್ತಿ ಇತ್ತಾ, ಮುಂದೇನಾಗುತ್ತದೆ ಎಂದು ತಿಳಿಯುತ್ತಿತ್ತಾ, ಯಾವ ಸಂದರ್ಭದಲ್ಲಿ ನಡೆಯಿತು. ಆಮೇಲೆ 18(3)ರಲ್ಲಿ ಆದೇಶ. ವರ್ಗ ಆಗುವುದು ವಿಚಾರಣೆ, ಬಾಲಕ ಅಲ್ಲ. ಅದು ಹೋಗುವ ಕೋರ್ಟಿನ ಹೆಸರೇ ‘ಮಕ್ಕಳ ನ್ಯಾಯಾಲಯ’! ಅಲ್ಲಿಯ ಜಡ್ಜು, ವಯಸ್ಕನಂತೆ ವಿಚಾರಣೆ ಬೇಕಾ ಬೇಡವಾ ಎಂದು ಮತ್ತೆ ನೋಡುತ್ತಾರೆ. ವಯಸ್ಕರ ನ್ಯಾಯಾಲಯ ಎಂಬ ಬೋರ್ಡು ನಾನಂತೂ ಎಲ್ಲೂ ಕಂಡಿಲ್ಲ.

ಮೇಡಂ, ನಿಮ್ಮ ಮೂಲ ಅಮೆರಿಕದ್ದನ್ನು ನೋಡಿ ಬರೆದದ್ದಿರಬೇಕು. ಅಲ್ಲಿ ಮಕ್ಕಳ ಕೋರ್ಟು ತನ್ನ ಅಧಿಕಾರವನ್ನೇ ಬಿಟ್ಟುಕೊಡುತ್ತದೆ, ‘ವೇವರ್’ ಅನ್ನುತ್ತಾರೆ. ಹುಡುಗ ನಿಜಕ್ಕೂ ದೊಡ್ಡವರ ಕೋರ್ಟಿಗೆ ಹೋಗುತ್ತಾನೆ. ಸುಮ್ನೆ ಕಳಿಸುವ ಹಾಗಿಲ್ಲ, ವಾದ ಕೇಳಿ ಕಾರಣ ಬರೆಯಬೇಕು ಎಂದು ಅಲ್ಲಿಯ ಸುಪ್ರೀಂ ಕೋರ್ಟು 1966ರಲ್ಲಿ ಕೆಂಟ್ ಕೇಸಿನಲ್ಲಿ ಹೇಳಿತು.

ಗಂಗಾವತಿಯಿಂದ:
‘ಕಲಂ’ ಅಂತೆ. ಅದು ಕನ್ನಡವಾ? ವಕೀಲರೇ, ನಿಮ್ಮ ಕೆಲಸದ ಹೆಸರೇ ಅರಬ್ಬಿ.

ಬಳ್ಳಾರಿಯಿಂದ:
ಹೌದು. ಜಾಮೀನು, ಕೈದಿ, ವಜಾ, ಖುಲಾಸೆ ಕೂಡ ಅರಬ್ಬಿ. ‘ಜಾಮೀನು ಸಿಕ್ಕಿತವ್ವ’ ಅಂದಾಗ ಇವತ್ತಿನವರೆಗೆ ಯಾವ ತಾಯಿಯೂ ಅರ್ಥ ಕೇಳಿಲ್ಲ. ನಿಮ್ಮ ತೀರ್ಪುಮನೆಗೆ ಮಾತ್ರ ಅರ್ಥಕೋಶ ಬೇಕು.

ಕೊಪ್ಪಳದಿಂದ:
ವಯಸ್ಥದ ಬಗ್ಗೆ ಯಾರೂ ಉತ್ತರ ಕೊಟ್ಟಿಲ್ಲ.

ರಾಯಚೂರಿನಿಂದ:
ಜಗಳ ಆಮೇಲೆ ಆಡಿ, ದಯವಿಟ್ಟು. ವಿಚಾರಣೆ ವರ್ಗ ಆಗುತ್ತದೆ, ಬಾಲಕ ಅಲ್ಲ ಎಂದು ವಕೀಲರು ಹೇಳಿದ್ದು ನನಗೆ ನಾಟಿತು. ಹೋದ ವರ್ಷ ಒಬ್ಬ ತಾಯಿಗೆ ಯಾವುದೋ ಕಚೇರಿಯಲ್ಲಿ ‘ನಿಮ್ಮ ಹುಡುಗನ್ನ ವರ್ಗ ಮಾಡ್ಯಾರ’ ಎಂದು ಹೇಳಿ ಕಳಿಸಿದ್ದರು. ಆಕೆ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು, ಎರಡು ಅಂಗಿ ಚೀಲಕ್ಕೆ ತುರುಕಿ, ಬಸ್ಸು ಹತ್ತಿ ಸೀದಾ ಬಳ್ಳಾರಿ ಜೈಲಿನ ಬಾಗಿಲಿಗೆ ಹೋಗಿ ನಿಂತಿದ್ದರು. ಹುಡುಗ ಮೊದಲಿದ್ದ ರಿಮಾಂಡ್ ಹೋಮಿನಲ್ಲೇ ಇದ್ದ. ವರ್ಗ ಆಗಿದ್ದು ಫೈಲು.

ಹೀಗೆ ಬರೆಯಲೇ? ‘ನಿಮ್ಮ ಮಗನ ಕೇಸಿನ ವಿಚಾರಣೆ ಮಕ್ಕಳ ನ್ಯಾಯಾಲಯಕ್ಕೆ ವರ್ಗ ಆಗಬಹುದು. ದೊಡ್ಡವರಂತೆ ವಿಚಾರಣೆ ನಡೆಸಬೇಕೇ ಎಂದು ಅಲ್ಲಿ ತೀರ್ಮಾನಿಸುತ್ತಾರೆ. ತಪ್ಪು ಸಾಬೀತಾದರೂ 21 ತುಂಬುವ ತನಕ ಅವನನ್ನು ಜೈಲಿಗೆ ಹಾಕುವುದಿಲ್ಲ, ಸುರಕ್ಷಿತ ಸ್ಥಳದಲ್ಲಿ ಇಡುತ್ತಾರೆ.’

ಬಳ್ಳಾರಿಯಿಂದ:
ಕಾನೂನಿಗೆ ಸರಿ ಇದೆ. ‘ಕೇಸಿನ’ ಸಾಕಾ, ‘ಪ್ರಕರಣದ’ ಬೇಕಾ ಎಂದು ಯಾರೂ ಶುರು ಮಾಡಬೇಡಿ.

ಕೊಪ್ಪಳದಿಂದ:
ಮಾಡುವುದಿಲ್ಲ. ಆದರೆ ‘ದೊಡ್ಡವರಂತೆ’ ಎಂದರೆ ದೊಡ್ಡ ಮನುಷ್ಯರಂತೆ ಎಂದೂ ಆಗುತ್ತದೆ. ದೊಡ್ಡವರ ಕೇಸು ನಮ್ಮ ಕಡೆ ಹೇಗೆ ನಡೆಯುತ್ತದೆ ಎಂದು ಆ ತಾಯಂದಿರಿಗೆ ನಮಗಿಂತ ಚೆನ್ನಾಗಿ ಗೊತ್ತು.

ರಾಯಚೂರಿನಿಂದ:
ಅಯ್ಯೋ, ಹೌದಲ್ವಾ! ‘18 ದಾಟಿದವರಂತೆ’ ಎಂದು ತಿದ್ದಿದೆ. ಪ್ರೆಸ್ಸಿಗೆ ಹೋಯಿತು.