ಪದಚರ್ಚೆ: ‘ಎಂಬಾಡಿಡ್’ ಯೋಚನೆಗೆ ‘ದೇಹ’ ಬೇಕಾ, ‘ಮೈ’ ಸಾಕಾ?

ಗೆಳೆಯರೇ, ನಮಸ್ಕಾರ.

ಎರಡು ವಾರದಿಂದ ಒಂದು ಪದ ಕಾಡುತ್ತಿದೆ. ಕಾಗ್ನಿಟಿವ್ ಲಿಂಗ್ವಿಸ್ಟಿಕ್ಸ್, ಅಂದರೆ ಅರಿವಿನ ಭಾಷಾವಿಜ್ಞಾನದ ಬಗ್ಗೆ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಎಂಬಾಡಿಡ್’ (embodied) ಎಂಬ ಪದ ಅದರಲ್ಲಿ ಪುಟಪುಟಕ್ಕೂ ಬರುತ್ತದೆ. ಯೋಚನೆ ಮೈಯಿಂದ ಬೇರೆಯಲ್ಲ, ಮೈಯಿಂದಲೇ ಹುಟ್ಟಿದ್ದು ಎಂದು ಹೇಳಲು ಅಲ್ಲಿ ಅದನ್ನು ಬಳಸಿದ್ದಾರೆ. ಮೊದಲ ಕರಡಿನಲ್ಲಿ ‘ದೇಹಬದ್ಧ ಚಿಂತನೆ’ ಎಂದು ಬರೆದೆ. ಓದಿದ ಗೆಳತಿ, ‘ಸದಾ ದೇಹದ ಚಿಂತೇಲೇ ಇರೋದು ಅಂತಾನಾ?’ ಎಂದು ಕೇಳಿದಳು. ಅವಳ ತಪ್ಪೇನಿಲ್ಲ. ಬದ್ಧ ಅಂದರೆ ಕಟ್ಟಿಹಾಕಿದ್ದು. ಮನಸ್ಸು ಎಲ್ಲಿಂದಲೋ ಬಂತು, ಅದನ್ನು ಹಿಡಿದು ದೇಹದೊಳಗೆ ಕೂಡಿಹಾಕಿದರು ಅನ್ನೋ ಚಿತ್ರ ಬರುತ್ತದೆ. ಲೇಖನದ ವಾದ ‘ಬೇಡ’ ಅನ್ನುವುದು ಆ ಚಿತ್ರವನ್ನೇ.

ವಾದ ಇಷ್ಟು. 17ನೇ ಶತಮಾನದಲ್ಲಿ ಫ್ರಾನ್ಸಿನ ತತ್ತ್ವಜ್ಞಾನಿ ಡೆಕಾರ್ಟ್ ಮನಸ್ಸು ಬೇರೆ, ದೇಹ ಬೇರೆ ಎಂದು ಗೆರೆ ಎಳೆದ. 1980ರಲ್ಲಿ ಭಾಷಾವಿಜ್ಞಾನಿ ಜಾರ್ಜ್ ಲೇಕಾಫ್ ಮತ್ತು ತತ್ತ್ವಶಾಸ್ತ್ರದ ಮಾರ್ಕ್ ಜಾನ್ಸನ್ ಸೇರಿ, ರೂಪಕ ಬರೀ ಕವಿಗಳ ಒಡವೆಯಲ್ಲ, ನಾವೆಲ್ಲ ದಿನಾ ಯೋಚಿಸುವ ಬಗೆಯೇ ಅದು ಎಂದರು. 1999ರ ಹೊತ್ತಿಗೆ ಡೆಕಾರ್ಟ್ ಎಳೆದ ಗೆರೆಯನ್ನೇ ಅಳಿಸಲು ಹೊರಟರು. ನಿಲ್ಲುವ, ಎತ್ತುವ, ಹಿಡಿಯುವ, ನೋಡುವ ಈ ಮೈಯಿಂದಲೇ ನಮ್ಮ ತರ್ಕವೂ ಬೆಳೆದದ್ದು ಎಂಬುದು ಅವರ ಮಾತು.

ಕನ್ನಡದಲ್ಲಿ ಇದಕ್ಕೆ ಉದಾಹರಣೆ ಹುಡುಕಬೇಕಾಗಿಯೇ ಇಲ್ಲ. ಸಿಟ್ಟು ನೆತ್ತಿಗೇರುತ್ತದೆ. ಪಾಠ ತಲೆಗೆ ಹತ್ತುವುದಿಲ್ಲ. ಕೆಟ್ಟ ಸುದ್ದಿಯನ್ನು ಅರಗಿಸಿಕೊಳ್ಳಲು ಆಗುವುದಿಲ್ಲ. ಕ್ಷಮಿಸಿ ಅನ್ನುವ ಬದಲು ‘ಹೊಟ್ಟೆಗೆ ಹಾಕ್ಕೊಳ್ಳಿ’ ಅನ್ನುತ್ತೇವೆ. ಅದೇ ಹೊಟ್ಟೆಯಲ್ಲಿ ಕಿಚ್ಚೂ ಇರುತ್ತದೆ.

ನನ್ನನ್ನು ಜಾಸ್ತಿ ಹಿಡಿದು ನಿಲ್ಲಿಸಿದ್ದು ‘ತಿಳಿ’. ಅಮ್ಮ ಬೇಳೆಸಾರು ಇಳಿಸಿ ಸ್ವಲ್ಪ ಹೊತ್ತು ಹಾಗೇ ಬಿಡುತ್ತಾರೆ. ಗಸಿ ತಳಕ್ಕೆ ಕೂರುತ್ತದೆ. ಆಮೇಲೆ ಸೌಟನ್ನು ಮೇಲ್ಮೇಲೆ ಮೆಲ್ಲಗೆ ಆಡಿಸಿ ತಿಳಿಯನ್ನು ಮಾತ್ರ ಬಟ್ಟಲಿಗೆ ಬಿಡುತ್ತಾರೆ. ನಡುವೆ ಯಾರಾದರೂ ಕಲಕಿದರೆ ಮತ್ತೆ ಕಾಯಬೇಕು. ಮೊನ್ನೆ ಅದನ್ನು ನೋಡುತ್ತಾ ನಿಂತಾಗ ಹೊಳೆಯಿತು: ಸಾರಿನ ತಿಳಿ, ತಿಳಿಗೊಳ, ‘ನನಗೆ ತಿಳೀತು’, ಎಲ್ಲ ಒಂದೇ ಪದ. ತಮಿಳಿನ ‘ತೆಳಿ’, ತೆಲುಗಿನ ‘ತೆಲಿಯು’ ಕೂಡ ಇದೇ ಬಳ್ಳಿಯವು. ‘ತಿಳಿಯಲಿಲ್ಲ’ ಎಂದಾಗ ನಾವು ಹೇಳುತ್ತಿರುವುದು ಇನ್ನೂ ಗಸಿ ಕೂತಿಲ್ಲ, ತಳ ಕಾಣುತ್ತಿಲ್ಲ ಅಂತ ಅಲ್ವಾ? ಕಣ್ಣು ಕಂಡದ್ದೇ ಅರಿವಿಗೆ ಹೆಸರಾಗಿದೆ.

ಹಾಗಂತ ಮೈ ಎಲ್ಲರಿಗೂ ಒಂದೇ, ಆದ್ದರಿಂದ ಯೋಚನೆಯೂ ಒಂದೇ ಎಂದು ಹೇಳಿಬಿಡುವುದು ಅವಸರ. ನಾವು ಮುಂದಕ್ಕೆ ನಡೆಯುತ್ತೇವೆ, ಹಾಗಾಗಿ ನಾಳೆ ನಮಗೆ ‘ಮುಂದೆ’ ಇದೆ. ದಕ್ಷಿಣ ಅಮೆರಿಕದ ಆಂಡೀಸ್ ಸೀಮೆಯ ಐಮಾರಾ ಭಾಷೆಯಲ್ಲಿ ಕಣ್ಣಿಗೂ, ಮುಂಭಾಗಕ್ಕೂ, ಕಳೆದ ಕಾಲಕ್ಕೂ ‘ನಯ್ರ’ ಎಂಬ ಒಂದೇ ಪದ. ಆಗಿಹೋದದ್ದನ್ನು ಕಂಡಿದ್ದೇವೆ, ಅದಕ್ಕೆ ಅದು ಕಣ್ಣ ಮುಂದೆ. ನಾಳೆ ಕಂಡಿಲ್ಲ, ಅದಕ್ಕೆ ಅದು ಬೆನ್ನ ಹಿಂದೆ. ಅಲ್ಲಿನ ಹಿರಿಯರು ಹಳೆಯದನ್ನು ಹೇಳುವಾಗ ಕೈಯನ್ನೂ ಮುಂದಕ್ಕೆ ಚಾಚುತ್ತಾರೆ ಎಂದು ಸಂಶೋಧಕರಾದ ನೂನ್ಯೆಸ್ ಮತ್ತು ಸ್ವೀಟ್ಸರ್ 2006ರಲ್ಲಿ ಬರೆದರು. ಮೈ ಅದೇ. ಅವರು ನೆಚ್ಚಿಕೊಂಡದ್ದು ಕಣ್ಣನ್ನು, ನಾವು ಕಾಲನ್ನು.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ‘ಮೈವೆತ್ತ’ ಹೇಗೆ ಎಂದು ಒಬ್ಬರು ಕೇಳಿದರು. ಚೆಂದದ ಪದ. ಆದರೆ ‘ಕರುಣೆಯೇ ಮೈವೆತ್ತಂತೆ’ ಅನ್ನುವಾಗ ಕರುಣೆ ಮೊದಲು, ಮೈ ಆಮೇಲೆ. ಇಲ್ಲಿ ಬೇಕಾದದ್ದು ಇದಕ್ಕೆ ತಿರುಗುಮುರುಗು. ‘ಮೈಗೂಡಿದ’ ನನಗೆ ತುಂಬಾ ಇಷ್ಟ. ಆದರೂ ಮೈಗೂಡುವುದು ಹೊರಗಿನಿಂದ ಬಂದದ್ದು. ಒಳ್ಳೆಯ ನಡತೆ ಮೈಗೂಡುತ್ತದೆ, ಶಿಸ್ತು ಮೈಗೂಡುತ್ತದೆ. ಮೈಯಿಂದಲೇ ಹುಟ್ಟಿದ್ದು ಮತ್ತೆ ಮೈಗೂಡುವುದು ಹೇಗೆ? ‘ಸಾಕಾರ’ವನ್ನು ಕೇಳಿದರೆ ಕನಸು ನನಸಾದ ನೆನಪೇ ಮೊದಲು ಬರುತ್ತದೆ. ಅದನ್ನು ಬಿಟ್ಟೆ.

‘ದೇಹ’ವನ್ನೇ ಕೈಬಿಡಬೇಕು ಎಂದು ನನಗೆ ಈಗ ಬಲವಾಗಿ ಅನಿಸುತ್ತಿದೆ. ಜರ್ಮನ್ ಭಾಷೆಯಲ್ಲಿ ಎರಡು ಪದ ಇವೆ. ತೂಗಿ ಅಳೆಯುವ ವಸ್ತುವಾದ ದೇಹ ‘ಕ್ಯೋರ್ಪರ್’. ಒಳಗಿನಿಂದ ನಾವು ಬಾಳುವ ದೇಹ ‘ಲೈಬ್’. ತತ್ತ್ವಜ್ಞಾನಿ ಹುಸರ್ಲ್ ಈ ಎರಡನ್ನೂ ಬೇರೆಬೇರೆ ಮಾಡಿ ತೋರಿಸಿದ. ಫ್ರಾನ್ಸಿನ ತತ್ತ್ವಜ್ಞಾನಿ ಮೆರ್ಲೊ-ಪಾಂಟಿ 1945ರಲ್ಲಿ ಅದನ್ನು ಇನ್ನಷ್ಟು ಬೆಳೆಸಿದ. ಇಂಗ್ಲಿಷಿನಲ್ಲಿ ಎರಡಕ್ಕೂ ಸಾಮಾನ್ಯವಾಗಿ ಬಳಸುವುದು ‘ಬಾಡಿ’ ಒಂದನ್ನೇ. ಆದರೆ ನಮ್ಮಲ್ಲಿ ಈ ಬೇರೆತನ ಆಗಲೇ ಇದೆ ಅನಿಸುವುದಿಲ್ವಾ? ದೇಹದ ತೂಕ ಅನ್ನುತ್ತೇವೆ, ಮೃತದೇಹ ಅನ್ನುತ್ತೇವೆ. ಹುಷಾರಿಲ್ಲದಿರುವುದು ಮಾತ್ರ ಮೈಗೆ. ಚಳಿಗೆ ನಡುಗುವುದು ಮೈ, ಜುಮ್ಮೆನ್ನುವುದು ಮೈ. ಎಲ್ಲಕ್ಕಿಂತ ಹೆಚ್ಚಾಗಿ ‘ಮೈಮರೆ’ ನೋಡಿ. ಹಾಡು ಕೇಳುತ್ತಾ ಮೈಮರೆತೆ ಅಂದಾಗ ಮರೆತದ್ದು ತನ್ನನ್ನೇ. ಡೆಕಾರ್ಟ್ ಎಳೆದ ಗೆರೆ ಈ ಪದದೊಳಗೆ ಇಲ್ಲವೇ ಇಲ್ಲ.

ಹಾಗಾಗಿ ಸದ್ಯಕ್ಕೆ ‘ಮೈಯಿಂದ ಮೂಡಿದ ಯೋಚನೆ’ ಎಂದು ಬಿಡಿಸಿ ಬರೆಯುತ್ತಿದ್ದೇನೆ. ಒಂದೇ ಪದ ಬೇಕಾದ ಕಡೆ ‘ಮೈಯರಿವು’. ಇದನ್ನು ಕೇಳಿದವರು ‘ಮೈಯ ಬಗ್ಗೆ ಇರುವ ಅರಿವು’ ಎಂದು ತಿಳಿಯಬಹುದು ಎಂಬ ಅಳುಕು ಇದೆ. ‘ಒಡಲರಿವು’ ಆಗಬಹುದಾ? ಒಡಲು ಹೊಟ್ಟೆಯೂ ಹೌದು, ಒಳಗೂ ಹೌದು. ಕಾಲು, ಕೈ, ಕಣ್ಣು ಅದರಲ್ಲಿ ಬಿಟ್ಟುಹೋಗುತ್ತವೇನೋ.

ನಿಮ್ಮ ಊರ ಕಡೆ ‘ತಿಳಿ’ಯನ್ನು ಸಾರು, ನೀರು, ಮನಸ್ಸು ಬಿಟ್ಟು ಇನ್ನು ಯಾವುದಕ್ಕೆ ಹೇಳುತ್ತಾರೆ? ಹಾಗೇ, ಕೈಗೆ ಕೆಲಸ ತಾನಾಗಿ ಬರುವುದನ್ನು, ಅಕ್ಕಿರೊಟ್ಟಿ ತಟ್ಟುವ ಕೈ ನೋಡದೆಯೇ ಹದ ಅರಿಯುತ್ತದಲ್ಲ, ಅದನ್ನು ಹೇಳಲು ನಿಮ್ಮ ಮನೆಯಲ್ಲಿ ಯಾವ ಮಾತಿದೆ? ದಯವಿಟ್ಟು ಆಡುಮಾತಿನಲ್ಲಿ ಇದ್ದ ಹಾಗೇ ಬರೆದು ಕಳಿಸಿ.