ಸಹಾಯ ಬೇಕು: ಹಳೆ ಕಾರಿನ ಬ್ರೇಕ್ ಪೈಪ್ ಜಾಯಿಂಟ್ ಸೋರುವುದು ನಿಲ್ಲುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಹಳೆ ಕಾರೊಂದನ್ನು ಮತ್ತೆ ರಸ್ತೆಗೆ ಇಳಿಸಲು ಒದ್ದಾಡುತ್ತಿದ್ದೇನೆ. ತುಕ್ಕು ಹಿಡಿದ ಬ್ರೇಕ್ ಪೈಪ್‌ಗಳನ್ನೆಲ್ಲ ತೆಗೆದು ತಾಮ್ರ-ನಿಕಲ್ ಪೈಪ್ ಹಾಕಿದೆ. ತುದಿಗಳನ್ನು ನಾನೇ ಡಬಲ್ ಫ್ಲೇರ್ ಮಾಡಿದೆ (ಅಂದರೆ ತುದಿಯನ್ನು ಆಲಿಕೆಯಂತೆ ಅಗಲಿಸಿ, ಅಂಚನ್ನು ಒಳಕ್ಕೆ ಎರಡು ಪದರ ಮಡಚುವುದು). ಉಳಿದ ಜಾಯಿಂಟ್‌ಗಳೆಲ್ಲ ಒಣಗಿವೆ, ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್‌ನದ್ದು ಮಾತ್ರ ಸೋರುತ್ತಿದೆ.

ಪೆಡಲ್ ಒತ್ತಿ ಹಿಡಿದರೆ ನಟ್ಟಿನ ಕೆಳಗೆ ನಿಧಾನವಾಗಿ ಒಂದು ಹನಿ ಕಟ್ಟುತ್ತದೆ. ಒರೆಸಿ ಮತ್ತೆ ಒತ್ತಿದರೆ ಮತ್ತೆ ಅಲ್ಲೇ. ಬ್ರೇಕ್ ವಿಷಯ ಅಲ್ವಾ, ಹೀಗೇ ಓಡಿಸುವ ಧೈರ್ಯ ನನಗಿಲ್ಲ.

ನಟ್ ಸಡಿಲಿಸಿ ಮೂರ್ನಾಲ್ಕು ಸಲ ಬಿಗಿದೆ. ತುದಿ ಕತ್ತರಿಸಿ ಹೊಸ ಫ್ಲೇರ್ ಮಾಡಿದೆ. ನಟ್ 3/8 ಇಂಚಿನ, ಇಂಚಿಗೆ 24 ಥ್ರೆಡ್‌ನದ್ದೇ, 10 ಎಂಎಂನದ್ದಲ್ಲ ಅಂತ ಅಳೆದೂ ನೋಡಿದೆ. ಟೆಫ್ಲಾನ್ ಟೇಪ್ ಸುತ್ತಿ ಅಂದರು ಒಬ್ಬರು. ಆದರೆ ಇಲ್ಲಿ ಸೀಲ್ ಆಗುವುದು ಥ್ರೆಡ್‌ನಲ್ಲಿ ಅಲ್ಲ, ಫ್ಲೇರ್ ಕೂರುವ ಜಾಗದಲ್ಲಿ. ಅದಕ್ಕೇ ಅದರ ಗೋಜಿಗೆ ಹೋಗಲಿಲ್ಲ.

ನಾನು ಸಿಕ್ಕಿಕೊಂಡಿರುವುದು ಇಲ್ಲಿ. ಫ್ಲೇರ್ ಒಳಮೈಗೆ ಮಾರ್ಕರ್ ಬಳಿದು, ಬಿಗಿದು ಬಿಚ್ಚಿದೆ. ಮುಕ್ಕಾಲು ಸುತ್ತು ಬಣ್ಣ ಅಳಿಸಿ ಹೊಳೆಯುತ್ತಿದೆ, ಕಾಲು ಭಾಗ ಹಾಗೇ ಇದೆ. ಟಾರ್ಚ್ ಹಾಕಿ ನೋಡಿದರೆ ಸಿಲಿಂಡರ್ ಒಳಗೆ ಫ್ಲೇರ್ ಕೂರುವ ಕೋನ್ ಮೇಲೂ ಅದೇ ಕಡೆ ಕೂದಲೆಳೆಯಂಥ ಗೀರು ಕಾಣುತ್ತದೆ. ಪೈಪ್ ಬಾಗಿರುವುದೂ ಆ ಕಡೆಗೇ. ಹಾಗಾಗಿ ತಪ್ಪು ಗೀರಿನದ್ದೋ, ಪೈಪ್ ಓರೆಯಾಗಿ ಕೂತಿದ್ದೋ ಗೊತ್ತಾಗುತ್ತಿಲ್ಲ.

ಇದನ್ನು ಮಾಡಿ ಅನುಭವ ಇರುವವರು ದಯವಿಟ್ಟು ಹೇಳಿ. ಮೊದಲು ಪೈಪ್ ಬಾಗು ಸರಿಮಾಡಿ ನೋಡಲಾ? ಗೀರೇ ಕಾರಣವಾದರೆ, ಮೆತ್ತಗಿನ ತಾಮ್ರದ ಕೋನ್ ವಾಷರ್ ಹಾಕಿ ಬ್ರೇಕ್ ಒತ್ತಡಕ್ಕೆ ನಂಬಬಹುದಾ, ಇಲ್ಲ ಸಿಲಿಂಡರ್ ಬದಲಿಸಲೇಬೇಕಾ?