ಕಾಂಟ್ರಾಕ್ಟ್ ಮಧ್ಯದಲ್ಲೇ ಮೊಬೈಲ್ ರೇಟ್ ಏರಿಸಿದ್ದಾರೆ, ಬಿಟ್ಟು ಬರಬಹುದಾ? ಇಂಗ್ಲೆಂಡಿನಲ್ಲಿರುವವರು ಹೇಳಿ

ರೆಡಿಂಗ್‌ನಿಂದ, ಮೇ 2025

ಎಲ್ಲರಿಗೂ ನಮಸ್ಕಾರ. ಒಂದು ಸಲಹೆ ಬೇಕಿತ್ತು. ಹೋದ ನವೆಂಬರ್‌ನಲ್ಲಿ ಇಲ್ಲಿನ ಅಂಗಡಿಯೊಂದರಲ್ಲಿ ಫೋನು, ಸಿಮ್ ಎರಡೂ ಸೇರಿಸಿ 24 ತಿಂಗಳ ಕಾಂಟ್ರಾಕ್ಟ್‌ಗೆ ತೆಗೆದುಕೊಂಡೆ. ತಿಂಗಳಿಗೆ 34 ಪೌಂಡ್. ಏಪ್ರಿಲ್ ಬಿಲ್ ನೋಡಿದರೆ 36.18! ಕೇಳಿದರೆ ಶೇಕಡಾ 6.4 ವಾರ್ಷಿಕ ಏರಿಕೆ, ಕಾಂಟ್ರಾಕ್ಟ್‌ನಲ್ಲೇ ಇದೆ ನೋಡಿ ಅಂದರು. ಅಂಗಡಿಯ ಹುಡುಗ ಆ ದಿನ ಕವರ್, ಸ್ಕ್ರೀನ್ ಗಾರ್ಡ್, ಇನ್ಶೂರೆನ್ಸ್ ಎಲ್ಲದರ ಬಗ್ಗೆ ಮಾತಾಡಿದ್ದ. ಇದೊಂದನ್ನು ಮಾತ್ರ ಹೇಳಿರಲಿಲ್ಲ.

ಇನ್ನೂ 18 ತಿಂಗಳಿದೆ. ಊರಲ್ಲಾದರೆ ರೀಚಾರ್ಜ್ ಮುಗಿಯಿತು, ಬೇರೆ ಸಿಮ್ ಹಾಕಿದರಾಯಿತು. ಇಲ್ಲಿ ಹೇಗೆ? ಬ್ಯಾಂಕಿನಿಂದ ತಿಂಗಳು ತಿಂಗಳು ಬಿಲ್ ದುಡ್ಡು ತಾನಾಗೇ ಹೋಗುವ ಡೈರೆಕ್ಟ್ ಡೆಬಿಟ್ ನಿಲ್ಲಿಸಿಬಿಡಿ, ಕಾಂಟ್ರಾಕ್ಟ್ ತಾನಾಗೇ ಕ್ಯಾನ್ಸಲ್ ಆಗುತ್ತದೆ ಎಂದು ಆಫೀಸಿನಲ್ಲಿ ಒಬ್ಬರು ಹೇಳಿದರು. ನಿಜವಾ? ಹೀಗೆ ಮಧ್ಯದಲ್ಲಿ ಬಿಟ್ಟು ಬಂದವರು ಇದ್ದೀರಾ?

ಮಿಲ್ಟನ್ ಕೀನ್ಸ್‌ನಿಂದ

ನಿಮ್ಮ ಕೊನೆಯ ಪ್ರಶ್ನೆಗೇ ಮೊದಲು ಉತ್ತರ. ಡೈರೆಕ್ಟ್ ಡೆಬಿಟ್ ಮುಟ್ಟಬೇಡಿ ಮೇಡಂ. ನಾನು ಮುಟ್ಟಿ ಕೆಟ್ಟವನು.

2023ರ ಏಪ್ರಿಲ್ ಇಲ್ಲಿದ್ದವರಿಗೆಲ್ಲ ನೆನಪಿರುತ್ತದೆ. ಹಿಂದಿನ ಡಿಸೆಂಬರ್‌ನ ಹಣದುಬ್ಬರ 10.5, ಅದರ ಮೇಲೆ ಕಂಪನಿಯವರದ್ದು 3.9, ಒಟ್ಟು ಶೇಕಡಾ 14.4 ಏರಿಕೆ. ನನ್ನದು ಬರೀ ಸಿಮ್. 25 ಪೌಂಡ್ ಇದ್ದದ್ದು 28.60 ಆಯಿತು. ಗ್ಯಾಸು, ಕರೆಂಟು, ಹಾಲು ಎಲ್ಲ ಏರಿದ್ದ ವರ್ಷ ಅದು, ಮೊದಲೇ ತಲೆ ಕೆಟ್ಟಿತ್ತು. ರಾತ್ರಿ ಊಟ ಆದ ಮೇಲೆ ಸೋಫಾದಲ್ಲಿ ಕೂತೇ ಬ್ಯಾಂಕ್ ಆ್ಯಪ್ ತೆಗೆದು ಡೈರೆಕ್ಟ್ ಡೆಬಿಟ್ ಕ್ಯಾನ್ಸಲ್ ಮಾಡಿದೆ. ಎಂಥಾ ಸಮಾಧಾನ ಅಂತೀರಿ! ಮರುದಿನ ಹೊಸ ನಂಬರಿನ ಸಿಮ್ ಹಾಕಿಕೊಂಡೆ. ಆ ಬೇಸಿಗೆಯಲ್ಲೇ ಮನೆಯನ್ನೂ ಬದಲಾಯಿಸಿದೆವು. ಅವರು ಕಳಿಸಿದ ಕಾಗದಗಳೆಲ್ಲ ಹಳೇ ಮನೆಗೆ ಹೋದವು.

ಈ ಫೆಬ್ರವರಿಯಲ್ಲಿ ಮನೆ ಕೊಳ್ಳಲು ಮಾರ್ಟ್‌ಗೇಜ್ ಬ್ರೋಕರ್ ಹತ್ತಿರ ಹೋದೆವು. ಆತ ಲ್ಯಾಪ್‌ಟಾಪನ್ನು ನಮ್ಮ ಕಡೆ ತಿರುಗಿಸಿದ. ನನ್ನ ಕ್ರೆಡಿಟ್ ಫೈಲ್, ಅಂದರೆ ಸಾಲ, ಬಿಲ್ ಕಟ್ಟಿದ ದಾಖಲೆ. ಸಾಲು ಸಾಲು ಹಸಿರು ಚೌಕಗಳ ನಡುವೆ ಒಂದೇ ಒಂದು ಕೆಂಪು. ಡಿಫಾಲ್ಟ್, ಅಂದರೆ ಕಟ್ಟದೇ ಬಿಟ್ಟ ಬಾಕಿ, 187 ಪೌಂಡ್. ಹೆಂಡತಿ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ.

ಆ ದಿನವೇ ಕಟ್ಟಿದೆ. ಕಟ್ಟಿದರೂ ಆ ಗುರುತು 6 ವರ್ಷ ಕ್ರೆಡಿಟ್ ಫೈಲ್‌ನಲ್ಲಿ ಕೂತಿರುತ್ತದೆ. ನಾವು ಅಂದುಕೊಂಡಿದ್ದ ಬ್ಯಾಂಕ್ ಆಗಲ್ಲ ಎಂದಿತು, ಇನ್ನೊಂದು ಬ್ಯಾಂಕ್ ಜಾಸ್ತಿ ಬಡ್ಡಿಗೆ ಒಪ್ಪಿತು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎನ್ನುತ್ತಿದ್ದರು ನಮ್ಮ ಅಜ್ಜಿ. ಬರಲಿಲ್ಲ.

ಈಗ ನಿಮ್ಮ ವಿಷಯ. ರೇಟ್ ಏರಿಸಿದ ಮಾತ್ರಕ್ಕೆ ಕಾಂಟ್ರಾಕ್ಟ್ ಮುರಿಯುವ ಹಕ್ಕು ಬರುವುದಿಲ್ಲ. ಇಲ್ಲಿನ ಟೆಲಿಕಾಂ ನಿಯಂತ್ರಕ ಆಫ್‌ಕಾಮ್‌ನ ನಿಯಮ ಇಷ್ಟೇ: ಕಾಂಟ್ರಾಕ್ಟ್‌ನಲ್ಲಿ ಬರೆಯದೇ ಇದ್ದ ಏರಿಕೆ ಮಾಡಿದರೆ, ಅಥವಾ ನಿಮಗೆ ನಷ್ಟ ಆಗುವ ಹಾಗೆ ಷರತ್ತು ಬದಲಾಯಿಸಿದರೆ, ಒಂದು ತಿಂಗಳು ಮೊದಲು ತಿಳಿಸಬೇಕು, ಬೇಡ ಅಂದರೆ ದಂಡ ಇಲ್ಲದೆ ಬಿಡಬೇಕು. ಮೊದಲೇ ಸ್ಪಷ್ಟವಾಗಿ ಬರೆದಿದ್ದ ಏರಿಕೆ ಆದರೆ ಆ ಬಾಗಿಲು ಮುಚ್ಚಿದ ಹಾಗೆ. ನಿಮ್ಮದು ನವೆಂಬರ್ 2024ರದ್ದು, ಅಂದರೆ ಹಳೇ ಶೇಕಡಾ ಪದ್ಧತಿಯದ್ದು: ಹಣದುಬ್ಬರ 2.5, ಜೊತೆಗೆ 3.9. ಎರಡು ತಿಂಗಳು ತಡೆದಿದ್ದರೆ ಹೊಸ ನಿಯಮಕ್ಕೆ ಬರುತ್ತಿದ್ದಿರಿ. 2025ರ ಜನವರಿ 17ರಿಂದ ಮಾಡಿಕೊಂಡ ಕಾಂಟ್ರಾಕ್ಟ್‌ಗಳಲ್ಲಿ ಎಷ್ಟು ಏರುತ್ತದೆ, ಯಾವಾಗ ಏರುತ್ತದೆ ಎಂದು ಪೌಂಡ್ ಪೆನ್ಸ್ ಲೆಕ್ಕದಲ್ಲೇ ಮೊದಲೇ ಹೇಳಬೇಕು.

ಹಾಗಾಗಿ ಸಿಟ್ಟು ಪಕ್ಕಕ್ಕಿಟ್ಟು ಒಂದು ಮೆಸೇಜ್ ಮಾಡಿ. ಅದೇ ಫೋನಿನಿಂದ ಇಂಗ್ಲಿಷ್‌ನಲ್ಲಿ ಐ-ಎನ್-ಎಫ್-ಓ ಎಂದು ಬರೆದು 85075ಕ್ಕೆ ಕಳಿಸಿ. ದುಡ್ಡಿಲ್ಲ, ಯಾರ ಜೊತೆಗೂ ಮಾತಾಡಬೇಕಿಲ್ಲ. ಈಗ ಬಿಟ್ಟರೆ ಎಷ್ಟು ಕಟ್ಟಬೇಕು ಎಂದು ಅವರೇ ಉತ್ತರ ಕಳಿಸುತ್ತಾರೆ. ಫೋನಿನ ದುಡ್ಡೂ ಅದರಲ್ಲೇ ಸೇರಿರುವುದರಿಂದ ನಿಮ್ಮದು 500ರಿಂದ 600 ಪೌಂಡ್ ಬರುತ್ತದೆ ಎಂದು ನನ್ನ ಅಂದಾಜು. ಇನ್ನು ಏರಿಕೆಯ ಲೆಕ್ಕ ಹಾಕಿ. 2.18ರಂತೆ 18 ತಿಂಗಳಿಗೆ ಸುಮಾರು 39 ಪೌಂಡ್. ಮುಂದಿನ ಏಪ್ರಿಲ್‌ನಲ್ಲೂ ಇಷ್ಟೇ ಏರಿತು ಅಂದುಕೊಂಡರೂ ಎಲ್ಲ ಸೇರಿ 60 ದಾಟಲ್ಲ. 60 ಉಳಿಸಲು 500 ಕೊಡುತ್ತೀರಾ? ನಾನಾದರೆ ಬೈದುಕೊಂಡು ಇದ್ದುಬಿಡುತ್ತೇನೆ.

ಎಡಿನ್‌ಬರೋದಿಂದ

ಮೇಲಿನವರು ಹೇಳಿದ್ದು ಸರಿ. ಆದರೆ ಅಂಗಡಿಯವನು ಹೇಳಲಿಲ್ಲ ಅನ್ನುವುದನ್ನು ಅಷ್ಟು ಸುಲಭಕ್ಕೆ ಬಿಡಬೇಡಿ. 2022ರ ಜೂನ್‌ನಿಂದ ಸಹಿಗೆ ಮೊದಲೇ ಚಿಕ್ಕದೊಂದು ಕಾಂಟ್ರಾಕ್ಟ್ ಸಮ್ಮರಿ ಕೊಡಲೇಬೇಕು ಅಂತ ನಿಯಮ ಇದೆ. ನಿಮ್ಮ ಇಮೇಲ್ ಹುಡುಕಿ. ಅದರಲ್ಲಿ ಏರಿಕೆ ಬರೆದಿದ್ದರೆ ವಾದ ಮಾಡಿ ಉಪಯೋಗ ಇಲ್ಲ.

ನನ್ನ ವಿಷಯದಲ್ಲಿ ಬೇರೆಯೇ ಆಗಿತ್ತು. ಎರಡು ವರ್ಷ ರೇಟ್ ಏರಲ್ಲ ಎಂದು ಅಂಗಡಿಯವನು ಬಾಯಲ್ಲಿ ಹೇಳಿದ್ದ. ನನಗೆ ಅನುಮಾನ ಜಾಸ್ತಿ, ಬರೆದುಕೊಡು ಎಂದೆ. ಅವರದೇ ಬ್ರೋಶರ್ ಹಿಂದೆ ಪೆನ್ನಲ್ಲಿ ಬರೆದ, ತಾರೀಖು ಹಾಕಿದ. ಏಪ್ರಿಲ್‌ನಲ್ಲಿ ಏರಿತು. ದೂರು ಕೊಟ್ಟೆ, ಮೂರು ಸಲ ಅದೇ ಉತ್ತರ ಬಂತು. ಆಗ 8 ವಾರ ಕಾಯಬೇಕಿತ್ತು, ಕಾದು, ಗ್ರಾಹಕರ ದೂರು ವಿಚಾರಿಸಿ ತೀರ್ಪು ಕೊಡುವ ಓಂಬುಡ್ಸ್‌ಮನ್‌ಗೆ ಹೋದೆ. ಅದಕ್ಕೆ ಗ್ರಾಹಕರು ಒಂದು ಪೆನ್ನಿಯನ್ನೂ ಕೊಡಬೇಕಿಲ್ಲ. ಆ ಬ್ರೋಶರ್ ಫೋಟೋ ಹಾಕಿದೆ, ಅಷ್ಟೇ. ದಂಡ ಇಲ್ಲದೆ ಬಿಡಿ ಎಂದು ತೀರ್ಪು ಬಂತು. ಆ ಕಾಗದದ ತುಂಡು ಇಲ್ಲದಿದ್ದರೆ ನನ್ನ ಮಾತು ಯಾರು ಕೇಳುತ್ತಿದ್ದರು? ಇಷ್ಟು ದಿನವೂ ಬಿಲ್ ಮಾತ್ರ ತಪ್ಪದೆ ಕಟ್ಟುತ್ತಿದ್ದೆ.

ಲೆಸ್ಟರ್‌ನಿಂದ

ಅಕ್ಕ, ಬಿಡೋದು ಯಾಕೆ, ಇಳಿಸ್ಕೊಳ್ಳಿ. ಮೊದಲು ಆ್ಯಪ್‌ನಲ್ಲಿ ಎಷ್ಟು ಡೇಟಾ ಖರ್ಚಾಗ್ತಿದೆ ನೋಡಿ. ನಾನು ಅನ್‌ಲಿಮಿಟೆಡ್ ಪ್ಲಾನ್‌ಗೆ ದುಡ್ಡು ಕೊಟ್ಟುಕೊಂಡು ತಿಂಗಳಿಗೆ 6 ಜಿಬಿ ಬಳಸ್ತಿದ್ದೆ. ಮನೇಲೂ ವೈಫೈ, ಆಫೀಸಲ್ಲೂ ವೈಫೈ.

ಫೋನ್ ಮಾಡಿದಾಗ ಬಿಲ್ಲಿಂಗ್ ವಿಭಾಗಕ್ಕೆ ಹೋಗಬೇಡಿ, ಬಿಟ್ಟು ಹೋಗ್ತೀನಿ ಅನ್ನೋ ಆಯ್ಕೆ ಒತ್ತಿ. ಅಲ್ಲಿ ಕೂತವರ ಕೈಯಲ್ಲೇ ಸ್ವಲ್ಪ ಅಧಿಕಾರ ಇರೋದು. ನನಗೆ ತಕ್ಷಣ 7 ಪೌಂಡ್ ಕಡಿಮೆ ಮಾಡ್ತೀವಿ ಅಂದರು. ಖುಷಿಯಾಗಿ ಹೂಂ ಅನ್ನೋದರಲ್ಲಿದ್ದೆ. ಸುಮ್ನೆ ಕೇಳಿದೆ, "24 ತಿಂಗಳು ಮತ್ತೆ ಮೊದಲಿಂದ ಶುರು ಆಗಲ್ಲ ಅಲ್ವಾ?" ಆ ಕಡೆ ಒಂದು ಕ್ಷಣ ಸದ್ದೇ ಇಲ್ಲ. ಆಮೇಲೆ ಹೌದು, ಶುರುವಾಗುತ್ತೆ ಅಂದರು. ಬೇಡ ಅಂದೆ. ಎರಡನೇ ಸಲ ಫೋನ್ ಮಾಡಿದಾಗ ಬರೀ ಪ್ಲಾನ್ ಕೆಳಗಿಳಿಸಿಕೊಂಡೆ. ತಾರೀಖು ಬದಲಾಗಲಿಲ್ಲ, 4 ಪೌಂಡ್ ಕಡಿಮೆ ಆಯ್ತು. ಆ ಪ್ರಶ್ನೆ ಮರೀಬೇಡಿ.

ಬೆಂಗಳೂರಿನಿಂದ

ಓದುತ್ತಾ ಓದುತ್ತಾ ನಮ್ಮದೇ ಪರವಾಗಿಲ್ಲ ಅನ್ನಿಸಿತು. 2024ರ ಜುಲೈನಲ್ಲಿ ಇಲ್ಲಿ ಮೂರು ದೊಡ್ಡ ಕಂಪನಿಗಳೂ ಒಂದೇ ವಾರದಲ್ಲಿ ಏರಿಸಿದವು. ಜಿಯೋದಲ್ಲಿ 239 ಇದ್ದ ಪ್ಯಾಕ್ 299 ಆಯಿತು. 1900ಕ್ಕೆ ಮೆಸೇಜ್ ಮಾಡಿ ಕೋಡ್ ತಗೊಂಡು ಅಮ್ಮನ ನಂಬರನ್ನು ಬೇರೆ ಕಡೆ ಪೋರ್ಟ್ ಮಾಡಿಸಿದೆ. ಮಾಡಿಸಿದ ಮೇಲೆ ಗೊತ್ತಾಯಿತು, ಊರಲ್ಲಿ ನಮ್ಮ ಅಡುಗೆಮನೆಯಲ್ಲಿ ಸಿಗ್ನಲ್ಲೇ ಇಲ್ಲ. 90 ದಿನ ವಾಪಸ್ ಬರುವ ಹಾಗೂ ಇಲ್ಲ. ಮೂರು ತಿಂಗಳು ಅಮ್ಮ ಬಾವಿಕಟ್ಟೆ ಹತ್ತಿರ ನಿಂತು ಮಾತಾಡಿದರು. ಅಲ್ಲಾಗಲಿ ಇಲ್ಲಾಗಲಿ, ಮೊದಲು ಕಡಿಮೆ ರೇಟಿನ ಸಿಮ್ ಒಂದನ್ನು ಹಾಕಿ ಮನೆಯೆಲ್ಲ ಓಡಾಡಿ ನೋಡಿ.

ಕ್ರಾಯ್ಡನ್‌ನಿಂದ

ಬಿಡುವುದೇ ಆದರೆ ಒಂದು ಎಚ್ಚರಿಕೆ. ಫೋನ್ ಮಾಡಿ "ಕ್ಯಾನ್ಸಲ್ ಮಾಡಿ" ಅನ್ನಬೇಡಿ. ನನ್ನ ತಮ್ಮ ಹಾಗೆ ಹೇಳಿ ನಂಬರ್ ಕಳೆದುಕೊಂಡ. ಬ್ಯಾಂಕಿನ ಓಟಿಪಿ, ಮಕ್ಕಳ ಸ್ಕೂಲು, ಡಾಕ್ಟರು, ಎಲ್ಲ ಆ ನಂಬರ್‌ಗೇ ಇತ್ತು. ಪಿ-ಎ-ಸಿ ಎಂದು 65075ಕ್ಕೆ ಮೆಸೇಜ್ ಮಾಡಿ, ಒಂದು ನಿಮಿಷದಲ್ಲಿ ಕೋಡ್ ಬರುತ್ತದೆ, 30 ದಿನ ನಡೆಯುತ್ತದೆ. ಅದನ್ನು ಹೊಸ ಕಂಪನಿಗೆ ಕೊಟ್ಟರೆ ಒಂದು ಕೆಲಸದ ದಿನದಲ್ಲಿ ನಂಬರ್ ಹೋಗುತ್ತದೆ, ಹಳೆಯದು ತಾನಾಗೇ ಮುಗಿಯುತ್ತದೆ. 30 ದಿನದ ನೋಟಿಸ್ ದುಡ್ಡೂ ಕಟ್ಟಬೇಕಿಲ್ಲ. ಕಾಂಟ್ರಾಕ್ಟ್ ಬಾಕಿ ಇದ್ದರೆ ಅದು ಮಾತ್ರ ಬರುತ್ತದೆ.

ನಾನು ಈಗ ತಿಂಗಳು ತಿಂಗಳಿನ ಸಿಮ್ ಮಾತ್ರ. ಲೆಬಾರಾ ತಗೊಂಡೆ, ಇಂಡಿಯಾಗೆ ಮಾತಾಡೋ ನಿಮಿಷಗಳೂ ಪ್ಲಾನ್‌ನಲ್ಲೇ ಬರುತ್ತವೆ. ನಮ್ಮ ಅತ್ತೆಗೆ ವಾಟ್ಸಾಪ್ ಆಗಿಬರಲ್ಲ, ಹಾಸನದ ಮನೆಯ ಲ್ಯಾಂಡ್‌ಲೈನ್‌ಗೇ ಮಾಡಬೇಕು. ಫೋನನ್ನು ಮಾತ್ರ ಕೈಯಿಂದ ದುಡ್ಡು ಕೊಟ್ಟು ಕೊಂಡುಕೊಳ್ಳುವುದು, ಹಳೇದಾದರೂ ಸರಿ.

ಸ್ಲೌನಿಂದ, ಅಕ್ಟೋಬರ್ 2025

ಹಳೇ ಪ್ರಶ್ನೆಯೇ, ಆದರೆ ಈ ವಾರ ಇದನ್ನು ಹುಡುಕಿಕೊಂಡು ಬರುವವರಿಗಾಗಿ ಬರೆಯುತ್ತಿದ್ದೇನೆ. ಓ2 ಕಂಪನಿ ಮುಂದಿನ ಏಪ್ರಿಲ್‌ನ ಏರಿಕೆಯನ್ನು ತಿಂಗಳಿಗೆ 1.80 ಪೌಂಡ್‌ನಿಂದ 2.50ಕ್ಕೆ ಹೆಚ್ಚಿಸಿದೆ. ಮೊದಲೇ ಹೇಳಿದ್ದಕ್ಕಿಂತ ಜಾಸ್ತಿ, ಹಾಗಾಗಿ ಮಿಲ್ಟನ್ ಕೀನ್ಸ್‌ನವರು ಹೇಳಿದ ಆ ಬಾಗಿಲು ಇಲ್ಲಿ ತೆರೆದಿದೆ. ತಿಳಿಸಿದ ದಿನದಿಂದ 30 ದಿನದ ಒಳಗೆ ದಂಡ ಇಲ್ಲದೆ ಹೊರಬರಬಹುದು. ಫೋನಿನ ಕಂತು ಬಾಕಿ ಇದ್ದರೆ ಅದನ್ನು ಮಾತ್ರ ತೀರಿಸಬೇಕು. ಇದು ಹೊಸ ನಿಯಮದ ಆಶಯಕ್ಕೆ ವಿರುದ್ಧ ಎಂದು ಆಫ್‌ಕಾಮ್ ಕೂಡ ಬೇಸರ ತೋರಿಸಿದೆ. ಬರೀ ಸಿಮ್ ಇರುವವರು ಆ ಮೆಸೇಜ್ ಬಂದ ತಾರೀಖು ನೋಡಿಕೊಳ್ಳಿ, ಮೂವತ್ತೊಂದನೇ ದಿನ ಯಾರೂ ಕೇಳಲ್ಲ.

ರೆಡಿಂಗ್‌ನಿಂದ ಮತ್ತೆ, ನವೆಂಬರ್ 2025

ಕೇಳಿ ಆರು ತಿಂಗಳಾಯಿತು, ಏನಾಯಿತು ಅಂತ ಹೇಳಲೇ ಇಲ್ಲ, ಕ್ಷಮಿಸಿ. ಡೈರೆಕ್ಟ್ ಡೆಬಿಟ್ ಮುಟ್ಟಲಿಲ್ಲ. 85075ಕ್ಕೆ ಮೆಸೇಜ್ ಮಾಡಿದಾಗ 571 ಪೌಂಡ್ ಎಂದು ಉತ್ತರ ಬಂತು. ಸಮ್ಮರಿ ಇಮೇಲ್ ಸಿಕ್ಕಿತು, ಅದರಲ್ಲಿ ಏರಿಕೆಯ ಸಾಲು ಇತ್ತು. ಅಲ್ಲಿಗೆ ಜಗಳ ಬಿಟ್ಟೆ. ಲೆಸ್ಟರ್‌ನವರು ಹೇಳಿದ ಹಾಗೆ ಪ್ಲಾನ್ ಇಳಿಸಿಕೊಂಡೆ. ಆ ಪ್ರಶ್ನೆಯನ್ನೂ ಕೇಳಿದೆ, ತಾರೀಖು ಹಾಗೇ ಇದೆ. ಈಗ ಬಿಲ್ 32.

ಅದಿರಲಿ, ಇನ್ನೊಂದು ಕತೆ ಕೇಳಿ. ಕೈ ಸುಮ್ನಿರದೆ ಅದೇ ದಿನ ನಮ್ಮ ಮನೆಯವರ ಫೋನಿನಿಂದಲೂ ಆ ಮೆಸೇಜ್ ಕಳಿಸಿದೆ. ಬಿಟ್ಟರೆ ಕಟ್ಟಬೇಕಾದ್ದು ಸೊನ್ನೆ ಅಂತ ಬಂತು! ನೋಡಿದರೆ ಅವರ ಕಾಂಟ್ರಾಕ್ಟ್ ಮುಗಿದು 14 ತಿಂಗಳಾಗಿದೆ. ಮುಗಿಯುತ್ತಿದೆ ಎಂದು ಕಂಪನಿ ಕಳಿಸಿದ ಇಮೇಲ್ ಓದದೇ ಬಿದ್ದಿತ್ತು. ದುಡ್ಡು ತೀರಿದ ಫೋನಿಗೆ ತಿಂಗಳು ತಿಂಗಳು 29 ಪೌಂಡ್ ಕಟ್ಟುತ್ತಲೇ ಇದ್ದಾರೆ ಮಹಾನುಭಾವರು. ನನ್ನ ಎರಡು ಪೌಂಡಿಗೆ ನಾನು ಇಷ್ಟೆಲ್ಲ ಗಲಾಟೆ ಮಾಡುವಾಗ ಪಕ್ಕದಲ್ಲೇ ಕೂತು "ಹೋಗಲಿ ಬಿಡೇ" ಅಂದಿದ್ದವರು ಅವರೇ.